ದೊರೆಯ ಚೀಟಿಗೆ ಮೇಸ್ತ್ರಿಯ ಕನ್ನಡ

ನನಗೆ ಇಂಗ್ಲಿಷ್ ಬರುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದು ಒಟ್ಟು ಆರು ವರ್ಷ. ದುರ್ಗದ ಇಂಗ್ಲಿಷ್ ಸ್ಕೂಲಿನಲ್ಲಿ ಓದಿದ ನಾಲ್ಕು ವರ್ಷ, ಆಮೇಲೆ ಹೊಳಲ್ಕೆರೆಯಲ್ಲಿ ನಮ್ಮಪ್ಪನ ಕಂಬಳಿ ಅಂಗಡಿಯ ಜಗಲಿಯಲ್ಲಿ ಕೂತು ಊರವರ ಅರ್ಜಿಗಳನ್ನು ಬರೆದುಕೊಟ್ಟ ಎರಡು ವರ್ಷ. ಅರ್ಜಿ ಬರೆಸಿಕೊಂಡವರು ನನ್ನ ಇಂಗ್ಲಿಷನ್ನು ಓದಲಾರರು. ಓದಬಲ್ಲ ಅಧಿಕಾರಿಗಳು ನನ್ನ ಕಣ್ಣಿಗೆ ಬೀಳರು. ಹೀಗಾಗಿ ನಂಬಿಕೆಗೆ ಯಾವ ಧಕ್ಕೆಯೂ ಇರಲಿಲ್ಲ. ಅದು ಮುರಿದದ್ದು ಹಿರಿಯೂರು ಸೀಮೆಯಲ್ಲಿ, ಕಾಲುವೆಯ ಪಕ್ಕದ ಒಂದು ಕಲ್ಲುಗೋಡೆಯ ಮೇಲೆ, ಮಟಮಟ ಬಿಸಿಲಿನಲ್ಲಿ.

ಮಾರಿಕಣಿವೆಯ ಅಣೆಕಟ್ಟಿನಲ್ಲಿ ನೀರು ನಿಲ್ಲತೊಡಗಿದ್ದ ಕಾಲ ಅದು. ನೀರನ್ನು ಹೊಲಗಳಿಗೆ ಒಯ್ಯುವ ಕಾಲುವೆಗಳ ಕೆಲಸ ಅಲ್ಲಲ್ಲಿ ನಡೆದಿತ್ತು. ಹಿರಿಯೂರಿಗೆ ನಾಲ್ಕು ಮೈಲಿ ದೂರದಲ್ಲಿ ಒಂದು ಕಾಲುವೆ ದೊಡ್ಡ ಹಳ್ಳವೊಂದನ್ನು ದಾಟಬೇಕಾಗಿತ್ತು. ಅದಕ್ಕಾಗಿ ಅಲ್ಲಿ ಕಲ್ಲಿನ ಕಮಾನು ಕಟ್ಟುತ್ತಿದ್ದರು. ಆ ಕೆಲಸಕ್ಕೆ ನಾನು ರೈಟರಾಗಿ ಸೇರಿದೆ. ಆಗ ನನಗೆ ಇಪ್ಪತ್ತೆರಡು ವರ್ಷ, ಮದುವೆಯಾಗಿ ಏಳು ತಿಂಗಳು. ಹೊಸದುರ್ಗದಿಂದ ಬಂದ ನನ್ನ ಹೆಂಡತಿಯನ್ನು ಹಿರಿಯೂರಿನಲ್ಲಿ ಒಂದು ಬಾಡಿಗೆ ಮನೆಯಲ್ಲಿರಿಸಿ, ದಿನಾ ಬೆಳಿಗ್ಗೆ ರೊಟ್ಟಿಯ ಗಂಟು ಹಿಡಿದು ನಡೆದು ಹೋಗುತ್ತಿದ್ದೆ, ಸಂಜೆ ನಡೆದು ಬರುತ್ತಿದ್ದೆ.

ನನ್ನ ಕೆಲಸ ಹೇಳುವುದಕ್ಕೆ ಸುಲಭ. ಇಂಜಿನಿಯರ್ ದೊರೆ ಎಂಟು ಮೈಲಿ ಆಚೆ ಮಾರಿಕಣಿವೆಯ ಬಂಗಲೆಯಲ್ಲಿದ್ದರು. ಬಿಳಿಯರು, ಐವತ್ತರ ಹತ್ತಿರ ವಯಸ್ಸು, ಉದ್ದ ಕಾಲು, ಮಾತು ಕಡಿಮೆ. ವಾರಕ್ಕೊಮ್ಮೆ ಕುದುರೆಯ ಮೇಲೆ ಬಂದು ಕೆಲಸ ನೋಡುತ್ತಿದ್ದರು. ಉಳಿದ ದಿನ ಅವರ ಸವಾರ ಬೆಳಿಗ್ಗೆ ಒಂದು ಚೀಟಿ ತಂದುಕೊಡುತ್ತಿದ್ದ. ಅದರಲ್ಲಿ ಇಂಗ್ಲಿಷಿನಲ್ಲಿ ಎರಡೇ ಎರಡು ಸಾಲು. ನಾನು ಅದನ್ನು ಓದಿ ಮೇಸ್ತ್ರಿಗೆ ಕನ್ನಡದಲ್ಲಿ ಹೇಳಬೇಕು, ಸಂಜೆ ಆದ ಕೆಲಸದ ವರದಿಯನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕು.

ಮೇಸ್ತ್ರಿ ಹರಿಯಬ್ಬೆ ಕಡೆಯವರು. ಅರವತ್ತು ದಾಟಿದ್ದಿರಬೇಕು. ಅವರ ಕೈಕೆಳಗೆ ಮೂವತ್ತು ಮಂದಿ ಗಂಡಸರು ಹೆಂಗಸರು, ಹೆಚ್ಚಿನವರು ಅವರ ನೆಂಟರಿಷ್ಟರೇ. ಅಕ್ಷರ ಒಂದೂ ಬಾರದು. ಆದರೆ ಗಾಡಿಯಿಂದ ಇಳಿದ ಪ್ರತಿಯೊಂದು ಕಲ್ಲಿಗೂ ಸುತ್ತಿಗೆಯ ತುದಿ ತಾಗಿಸಿ, ತಲೆ ವಾರೆ ಮಾಡಿ ಕೇಳುತ್ತಿದ್ದರು. ನಮ್ಮ ಕಿವಿಗೆ ಎಲ್ಲ ಕಲ್ಲೂ ಟಣ್ ಎಂದೇ ಕೇಳುತ್ತಿತ್ತು. ಅವರು ಮಾತ್ರ ಕೆಲವನ್ನು ಅತ್ತ ಸರಿಸಿ, “ಒಳಗೆ ಸೀಳೈತೆ, ಕಮಾನಿಗೆ ಬ್ಯಾಡ, ದಡಕ್ಕೆ ಹಾಕ್ರಿ” ಎನ್ನುತ್ತಿದ್ದರು. ಒಂದು ಸಲ ಅನುಮಾನಪಟ್ಟು ಅಂಥದೊಂದು ಕಲ್ಲನ್ನು ಒಡೆಸಿ ನೋಡಿದೆ. ಒಳಗೆ ಕೂದಲೆಳೆಯಷ್ಟು ಸೀಳಿತ್ತು.

ನಾನು ಕೆಲಸಕ್ಕೆ ಸೇರಿದ ಮೂರನೆಯ ದಿನದ ಚೀಟಿಯಲ್ಲಿ ಹೀಗಿತ್ತು: ‘ಲುಕ್ ಓವರ್ ದಿ ವಾಲ್ ಬಿಫೋರ್ ನೂನ್ ಅಂಡ್ ರಿಪೋರ್ಟ್.’

ಒಂದೊಂದು ಶಬ್ದವೂ ನನಗೆ ಚೆನ್ನಾಗಿ ಗೊತ್ತಿದ್ದದ್ದೇ. ಲುಕ್ ಎಂದರೆ ನೋಡು, ಓವರ್ ಎಂದರೆ ಮೇಲೆ, ವಾಲ್ ಎಂದರೆ ಗೋಡೆ. ನಾನು ಮೇಸ್ತ್ರಿಯನ್ನು ಕರೆದು, “ಮಧ್ಯಾಹ್ನದೊಳಗೆ ಗೋಡೆಯ ಮೇಲಿಂದ ಆಚೆ ನೋಡಿ ವರದಿ ಕೊಡಬೇಕಂತೆ” ಎಂದೆ.

“ಗೋಡೆ ಮೇಲಿಂದ್ಲಾ?” ಎಂದರು ಮೇಸ್ತ್ರಿ. “ಏನು ನೋಡ್ಬೇಕಂತೆ ರೈಟ್ರೇ?”

“ಅದನ್ನ ಬರೆದಿಲ್ಲ. ನೋಡಬೇಕು ಅಂತಷ್ಟೇ ಇದೆ.”

“ದೊರೆ ಹೇಳಿದ್ ಮ್ಯಾಲೆ ಏನೋ ಕಾರಣ ಇರ್ತೈತೆ. ಹತ್ತಾಣ ಬರ್ರಿ.”

ಹಳ್ಳದ ಬದಿಯ ಗೋಡೆ ಆಗ ಎರಡಾಳು ಎತ್ತರ ಎದ್ದಿತ್ತು. ಇಬ್ಬರೂ ಏಣಿ ಹಾಕಿ ಹತ್ತಿದೆವು. ಕಲ್ಲು ಕಾದು ಅಂಗಾಲು ಸುಡುತ್ತಿತ್ತು. ಹಣೆಗೆ ಕೈ ಅಡ್ಡ ಹಿಡಿದು ಆಚೆ ನೋಡಿದೆವು. ಮೊದಲು ನನಗೆ ಏನೂ ಕಾಣಲಿಲ್ಲ. ಮೇಸ್ತ್ರಿ ಮಾತ್ರ ಶ್ರದ್ಧೆಯಿಂದ ಒಂದೊಂದನ್ನೇ ಹೇಳುತ್ತ ಹೋದರು, ನಾನು ಬರೆದುಕೊಂಡೆ. ಜಾಲಿಮರದ ನೆರಳಲ್ಲಿ ಸುಮಾರು ನಲವತ್ತು ಕುರಿ. ಕಂಬಳಿ ಹೊದ್ದು ಕೋಲೂರಿ ನಿಂತ ಕುರುಬ ಒಬ್ಬ. ಬಂಡೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದ ಹೆಂಗಸು ಒಬ್ಬಳು. ಆಕೆ ನಮ್ಮಿಬ್ಬರನ್ನು ಕಂಡು, ಇವರಿಗೇನಾಗಿದೆ ಎಂಬಂತೆ ಸೆರಗು ಸರಿಮಾಡಿಕೊಂಡು ಬೆನ್ನು ತಿರುಗಿಸಿದಳು. ಕೆಳಗೆ ಗಾರೆ ಕಲಸುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಮೇಲೆ ನೋಡುತ್ತ ನಿಂತರು. ಸೂರ್ಯ ನೆತ್ತಿಗೆ ಬರುವವರೆಗೆ ನಾವು ಇಳಿಯಲಿಲ್ಲ. ಆಜ್ಞೆ ಎಂದರೆ ಆಜ್ಞೆ.

ಸಂಜೆ ಬರೆದುಕೊಂಡದ್ದನ್ನೆಲ್ಲ ಸೇರಿಸಿ ವರದಿ ಬರೆದೆ. ಅಪ್ಪಣೆಯಂತೆ ಗೋಡೆಯ ಮೇಲಿಂದ ನೋಡಲಾಯಿತು, ಕುರಿ ನಲವತ್ತು, ಕುರುಬ ಒಬ್ಬ, ಹೆಂಗಸು ಒಬ್ಬಳು, ಮೆಣಸಿನಕಾಯಿ ಚೆನ್ನಾಗಿ ಒಣಗುತ್ತಿದೆ, ಉಳಿದಂತೆ ಎಲ್ಲವೂ ಕ್ಷೇಮ ಎಂದು ಮುಗಿಸಿದೆ.

ಮರುದಿನ ಚೀಟಿ ಬರಲಿಲ್ಲ. ದೊರೆಯೇ ಬಂದರು. ಕುದುರೆಯಿಂದ ಇಳಿದು ನನ್ನ ವರದಿಯನ್ನು ಜೇಬಿನಿಂದ ತೆಗೆದು, ಒಂದು ಸಲ ಓದಿಕೊಂಡರು. ಓದುತ್ತಿದ್ದಂತೆ ಅವರ ಭುಜ ಕುಣಿಯತೊಡಗಿತು. ಬಾಯಲ್ಲಿದ್ದ ಹೊಗೆಸೊಪ್ಪಿನ ಚುಂಗಾಣಿ ಜಾರಿ ಮಣ್ಣಿಗೆ ಬಿತ್ತು. ಅಷ್ಟು ಕಡಿಮೆ ಮಾತಿನ ಮನುಷ್ಯ ಅಷ್ಟು ದೊಡ್ಡದಾಗಿ ನಗಬಲ್ಲರು ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ನಗು ನಿಂತ ಮೇಲೆ ನನ್ನನ್ನು ಗೋಡೆಯ ಹತ್ತಿರ ಕರೆದೊಯ್ದರು. ಈ ತುದಿಯಿಂದ ಆ ತುದಿಯವರೆಗೆ ಕಲ್ಲಿನ ಮೇಲೆ ಅಂಗೈ ಆಡಿಸಿದರು. ಒಂದೊಂದು ಸಂದಿಯ ಹತ್ತಿರವೂ ನಿಂತು ಬಗ್ಗಿ ನೋಡಿದರು. “ಇದಕ್ಕೆ ಲುಕ್ ಓವರ್ ಅನ್ನುತ್ತಾರೆ” ಎಂದರು. ಗೋಡೆಯನ್ನು ಪೂರ್ತಿ ಪರೀಕ್ಷಿಸಿ, ಕುಂದುಕೊರತೆ ಇದ್ದರೆ ತಿಳಿಸು ಎಂದಷ್ಟೇ ಅವರು ಬರೆದದ್ದು. ಹಾಗೆಯೇ ಲುಕ್ ಆಫ್ಟರ್ ಬೇರೆ, ಲುಕ್ ಇನ್‌ಟು ಬೇರೆ, ಲುಕ್ ಫಾರ್ ಬೇರೆ ಎಂದು ಹೇಳಿ, ಒಂದೊಂದಕ್ಕೂ ಒಂದು ಮಾತಿನ ವಿವರಣೆ ಕೊಟ್ಟು, ಕುದುರೆ ಹತ್ತಿ ಹೊರಟುಹೋದರು. ದಾರಿಯುದ್ದಕ್ಕೂ ಅವರ ಭುಜ ಕುಣಿಯುತ್ತಲೇ ಇತ್ತು.

ನನ್ನ ಕಿವಿ ಕಾದ ಹಂಚಿನ ಹಾಗಾಗಿತ್ತು. ಮೇಸ್ತ್ರಿ ಹತ್ತಿರ ಬಂದು, “ದೊರೆ ಯಾಕೆ ನಕ್ರು ರೈಟ್ರೇ?” ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ತಪ್ಪಿನಿಂದ ನಿಮ್ಮನ್ನೂ ಬಿಸಿಲಲ್ಲಿ ನಿಲ್ಲಿಸಿದೆ ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ. ಒಂದು ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಎಲೆಗೆ ಸುಣ್ಣ ಹಚ್ಚುತ್ತ ಯೋಚಿಸಿದರು.

“ಅಂಗಾರೆ ಅವರ ಮಾತಿಗೆ ಹಿಂದುಗಡೆ ಬಾಲ ಐತೆ ಅನ್ರಿ.”

“ಬಾಲವಾ?”

“ಮತ್ತೆ? ನೋಡು ಅನ್ನದು ಒಂದೇ. ಹಿಂದೆ ಯಾವ ಬಾಲ ಅಂಟಿಸ್ತಾರೆ ಅನ್ನದ್ರ ಮ್ಯಾಲೆ ಕೆಲಸ ಬದಲಾತು. ನಮ್ಮದ್ರಾಗೂ ಅಂಗೇ ಐತಲ್ಲ ರೈಟ್ರೇ. ಕುಂತ್ಕಳ್ರಿ, ಹೇಳ್ತೀನಿ.”

ನಾನು ಎದುರಿಗೆ ಕೂತೆ. ಅವರು ಪಕ್ಕದ ಒಂದು ಕಲ್ಲನ್ನು ತಟ್ಟಿದರು.

“ನಮ್ಮೋರಿಗೆ ‘ಈ ಕಲ್ಲು ನೋಡು’ ಅಂದ್ರೆ ಕಣ್ಣಾಗೆ ನೋಡಿದ್ರೆ ಸಾಕು. ‘ನೋಡ್ಕ’ ಅಂದ್ರೆ ಯಾರೂ ಒಯ್ಯದಂಗೆ, ಉರುಳದಂಗೆ ಕಾಯ್ಬೇಕು. ‘ನೋಡಿಡು’ ಅಂದ್ರೆ ನಾಳೆ ಬೇಕಾಗ್ತೈತೆ, ಇವತ್ತೇ ಆರಿಸಿ ಗುರ್ತು ಮಾಡ್ಬೇಕು. ‘ನೋಡೇಬಿಡು’ ಅಂದ್ರೆ ಒಳಗೆ ಏನೋ ಅನುಮಾನ ಐತೆ, ಈಗ್ಲೇ ಇತ್ಯರ್ಥ ಆಗ್ಬೇಕು. ಬಾಲ ಬದಲಾದ್ರೆ ಆಳು ಮಾಡೋ ಕೆಲಸಾನೇ ಬದಲಾಗ್ತೈತೆ.”

ಹುಟ್ಟಿದಾಗಿನಿಂದ ಆಡಿದ ಮಾತು. ಒಮ್ಮೆಯೂ ಹೀಗೆ ಕೇಳಿಸಿಕೊಂಡಿರಲಿಲ್ಲ. ಸ್ಕೂಲಿನಲ್ಲಿ ನಾವು ಇಂಗ್ಲಿಷ್ ಶಬ್ದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿದ್ದೆವು. ಇಡೀ ಮಾತನ್ನು ಒಟ್ಟಿಗೆ ಕೇಳುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಲುಕ್ ಆಫ್ಟರ್ ಎಂದರೆ ಮೇಸ್ತ್ರಿಯ ನೋಡ್ಕ. ಲುಕ್ ಇನ್‌ಟು ಎಂದರೆ ಹೆಚ್ಚುಕಡಿಮೆ ಅವರ ನೋಡೇಬಿಡು. ನಾನು ಅಲ್ಲೇ ವರದಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ವಾರದೊಳಗೆ ಆ ಹಾಳೆ ಸಾಲದಾಯಿತು. ಹಿರಿಯೂರಿನ ಅಂಗಡಿಯಿಂದ ಬೇರೆ ಪುಸ್ತಕ ಕೊಂಡುತಂದೆ.

ಮನೆಯಲ್ಲಿ ಈ ವಿಷಯ ಮುಚ್ಚಿಡುವ ಹಾಗಿರಲಿಲ್ಲ. ನನ್ನ ಹೆಂಡತಿಗೆ ಕನ್ನಡ ಓದು ಬರಹ ಬರುತ್ತಿತ್ತು. ಹಗಲೆಲ್ಲ ಗುರುತಿಲ್ಲದ ಊರಿನಲ್ಲಿ ಒಬ್ಬಳೇ ಇದ್ದು ಬೇಸರಪಟ್ಟುಕೊಂಡಿರುತ್ತಿದ್ದಳು. ಕುರಿಯ ಕತೆ ಕೇಳಿ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂದಿನಿಂದ ನಾನು ಕಾಲು ತೊಳೆದು ಒಳಗೆ ಬರುತ್ತಿದ್ದಂತೆ, “ಇವತ್ತೇನು ಕಲ್ತು ಬಂದ್ರಿ?” ಎಂದು ಕೇಳುವುದು ಅವಳ ವಾಡಿಕೆಯಾಯಿತು.

ಒಂದು ದಿನ ದೊರೆಯ ಎದುರಿಗೇ ಕೂತು ಒಂದು ಪಟ್ಟಿ ಬರೆದು ಮುಗಿಸಿ, ಎದ್ದು ನಿಂತು, “ಸರ್, ಐ ಆಮ್ ಫಿನಿಷ್ಡ್” ಎಂದಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಗಾಗದಿರಲಿ ಎಂದಿದ್ದರು. ಐ ಹ್ಯಾವ್ ಫಿನಿಷ್ಡ್ ಎನ್ನಬೇಕಾಗಿತ್ತಂತೆ. ಈ ಎರಡರ ನಡುವೆ ಏನು ವ್ಯತ್ಯಾಸವೋ ನನಗೆ ತಿಳಿಯದು ಎಂದು ಅವಳ ಮುಂದೆ ಗೊಣಗಿದೆ. ಇಂಗ್ಲಿಷಿನ ಮಾತು ಎರಡಕ್ಕೂ ಪದಶಃ ಅರ್ಥ ಕೇಳಿ, ಒಲೆಯ ಮುಂದೆ ಕೂತವಳು ತಿರುಗಿಯೂ ನೋಡದೆ ಹೇಳಿದಳು.

“ಇದ್ರಾಗೇನೈತ್ರಿ ಕಷ್ಟ? ‘ನನ್ ಕೆಲಸ ಮುಗೀತು’ ಅನ್ನದು ಒಂದು, ‘ನನ್ ಕತೆ ಮುಗೀತು’ ಅನ್ನದು ಒಂದು.”

ನಾನು ತಟ್ಟೆಯ ಮುಂದೆ ಕೂತು ತಲೆದೂಗಿದೆ.

“ಇನ್ನೊಂದು ಹೇಳ್ಲಾ?” ಎಂದು ಅವಳು ಹುರುಪಿನಿಂದ ತಿರುಗಿದಳು. “‘ರೊಟ್ಟಿ ಮಾಡಿಟ್ಟೆ’ ಅಂದ್ರೆ ನೀವು ಬಂದ್ ಮ್ಯಾಲೆ ತಿನ್ನಕೆ. ‘ಮಾಡ್ಕೊಟ್ಟೆ’ ಅಂದ್ರೆ ಪಕ್ಕದ್ ಮನೆ ಅಜ್ಜಿಗೆ. ‘ಮಾಡಿಬಿಟ್ಟೆ’ ಅಂದ್ರೆ ಬ್ಯಾಡ ಅಂದಿದ್ರಿ, ಆದ್ರೂ ಮಾಡೀನಿ, ಈಗ ಬಯ್ಬ್ಯಾಡ್ರಿ.”

“ಮಾಡ್ಕೊಂಡೆ ಅಂದರೆ?”

“ನಿಮಗಿಲ್ಲ ಅಂತ!”

ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಆ ಪುಸ್ತಕದಲ್ಲಿ ಎಡಗಡೆ ದೊರೆಯ ಮಾತು, ಬಲಗಡೆ ಮೇಸ್ತ್ರಿಯದು ಅಥವಾ ಅವಳದು. ಎಡಕ್ಕೆ ಬಲ ಹೊಂದಿದ ದಿನ ನನಗೆ ಹಬ್ಬದೂಟ ಉಂಡಷ್ಟು ಸಂತೋಷ. ಹೊಂದದ ಮಾತುಗಳೂ ಬೇಕಾದಷ್ಟಿದ್ದವು. ಇನ್ ಟೈಮ್ ಎನ್ನುವುದಕ್ಕೂ ಆನ್ ಟೈಮ್ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಮೇಸ್ತ್ರಿಗೆ ಒಂದು ಮಧ್ಯಾಹ್ನವೆಲ್ಲ ವಿವರಿಸಿದೆ. ಅವರು ಕಡೆಗೆ, “ಗಾರೆ ಗಟ್ಟಿ ಆಗೋದ್ರೊಳಗೆ ಕಲ್ಲು ಕುಂತ್ರೆ ಆತು, ಗಡಿಯಾರ ನಮಗ್ಯಾಕೆ?” ಎಂದು ಎದ್ದು ಹೋದರು. ಅದು ಇನ್ ಟೈಮ್‌ಗೆ ಒಳ್ಳೆಯ ಅರ್ಥವೇ ಆಗಿತ್ತೆಂದು ನನಗೆ ಹೊಳೆದದ್ದು ಮನೆಗೆ ಬರುವ ದಾರಿಯಲ್ಲಿ.

ಎರಡು ತಿಂಗಳು ಹೀಗೆ ಕಳೆಯಿತು. ಹಳ್ಳದ ಎರಡೂ ಬದಿಯ ಗೋಡೆ ಎದ್ದು, ಇನ್ನು ಕಮಾನು ಕೂರಿಸುವುದೊಂದೇ ಬಾಕಿ ಎನ್ನುವಾಗ ಒಂದು ಬೆಳಿಗ್ಗೆ ಚೀಟಿ ಬಂತು. ‘ಆರ್ಚ್ ಟು ಬಿ ಹೆಲ್ಡ್ ಓವರ್. ಗ್ಯಾಂಗ್ ಟು ಸ್ಟ್ಯಾಂಡ್ ಬೈ.’

ಓವರ್ ಎಂದರೆ ಮುಗಿಯಿತು. ಬಂದ ದಿನ ಸಂಜೆ ಕೆಲಸ ಬಿಡುವಾಗ ದೊರೆ ‘ಓವರ್’ ಎಂದೇ ಅನ್ನುತ್ತಿದ್ದರು. ಸ್ಟ್ಯಾಂಡ್ ಬೈ ಎಂದರೆ ಪಕ್ಕಕ್ಕೆ ನಿಲ್ಲು. ಹಾಗಾದರೆ ಕಮಾನಿನ ಕೆಲಸ ಮುಗಿಯಿತು, ಜನ ಪಕ್ಕಕ್ಕೆ ಸರಿಯಬೇಕು, ಎಂದರೆ ಮನೆಗೆ ಹೋಗಬೇಕು. ಅರ್ಧ ಕಟ್ಟಿದ ಕಾಲುವೆಯನ್ನು ಹಾಗೇ ಬಿಡುತ್ತಾರೆಯೇ?

ನನ್ನ ಮುಖ ನೋಡಿಯೇ ಜನ ಸುತ್ತ ಸೇರಿದರು. ಯಾರೋ ಒಬ್ಬರು, “ಕೆಲಸ ನಿಂತೋತಂತೆ” ಎಂದರು. ಆ ಮಾತು ಗಾರೆಯ ಗುಂಡಿಯವರೆಗೆ ಹೋಗಿ ಮುಟ್ಟುವಷ್ಟರಲ್ಲಿ ಹೆಂಗಸರು ಬುಟ್ಟಿ ಕವುಚಿ ಹಾಕಿದ್ದರು. ಊರಿನಲ್ಲಿ ಬಿತ್ತನೆಯ ಸಮಯ ಬೇರೆ. ಹೋದರೆ ಅವರು ಮತ್ತೆ ಬರುವುದು ಸುಗ್ಗಿಯಾದ ಮೇಲೆ.

ಮೇಸ್ತ್ರಿ ನನ್ನನ್ನು ಒಂದು ಕಡೆಗೆ ಕರೆದರು. “ನಿಲ್ಲಿಸಿಬಿಟ್ಟಾರೋ, ನಿಲ್ಲಿಸಿಟ್ಟಾರೋ, ಎರಡ್ರಾಗೆ ಯಾವ್ದು ಹೇಳ್ರಿ ರೈಟ್ರೇ. ನಿಲ್ಲಿಸಿಬಿಟ್ಟಿದ್ರೆ ನಾವು ಹೊರಡಾಣ. ನಿಲ್ಲಿಸಿಟ್ಟಿದ್ರೆ ಕಾಯಾಣ.”

ಎರಡು ತಿಂಗಳ ಹಿಂದಿನ ನಾನಾಗಿದ್ದರೆ ತಟ್ಟನೆ ಏನೋ ಒಂದು ಹೇಳುತ್ತಿದ್ದೆ. ಈಗ ಚೀಟಿಯನ್ನು ಮತ್ತೆ ಓದಿದೆ. ಶಬ್ದಗಳು ಗೊತ್ತು, ಮಾತು ಗೊತ್ತಿಲ್ಲ. ಚೀಟಿ ತಂದ ಸವಾರ ಆಗಲೇ ಬೇರೆ ಕಡೆಗೆ ಹೊರಟುಹೋಗಿದ್ದ.

“ನನಗೆ ತಿಳಿಯುತ್ತಿಲ್ಲ ಮೇಸ್ತ್ರಿ” ಎಂದೆ. “ಮಾರಿಕಣಿವೆಗೆ ಹೋಗಿ ಕೇಳಿಕೊಂಡು ಬರುತ್ತೇನೆ. ಸಂಜೆಯವರೆಗೆ ಇವರನ್ನ ಹಿಡಿದಿಟ್ಟುಕೊಳ್ಳಿ.”

ರೈಟರು ತನಗೆ ತಿಳಿಯದು ಎಂದದ್ದನ್ನು ಅಲ್ಲಿನ ಜನ ಅದೇ ಮೊದಲ ಸಲ ಕೇಳಿದ್ದು. ಮೇಸ್ತ್ರಿ ನನ್ನ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ತಮ್ಮ ಜನಕ್ಕೆ ಕೂಗಿ ಹೇಳಿದರು: “ಕೇಳ್ಕಂಡು ಬತ್ತೀನಿ ಅಂದಾರೆ. ಯಾರೂ ಗಂಟು ಕಟ್ಟಂಗಿಲ್ಲ. ಕಟ್ಟಿದ್ರೂ ಎತ್ತಂಗಿಲ್ಲ!”

ಎಂಟು ಮೈಲಿಯನ್ನು ನಾನು ಅರ್ಧ ನಡೆದೆ, ಅರ್ಧ ಓಡಿದೆ. ಕಾಲುವೆಯ ಏರಿಯ ಮೇಲೆಯೇ ದಾರಿ. ಮಾರಿಕಣಿವೆ ತಲುಪಿದಾಗ ಅಂಗಿ ಬೆನ್ನಿಗೆ ಅಂಟಿತ್ತು. ದೊರೆ ಬಂಗಲೆಯ ಜಗಲಿಯಲ್ಲಿ ಕೂತು ಮೀನು ಹಿಡಿಯುವ ಗಾಳಕ್ಕೆ ದಾರ ಸುತ್ತುತ್ತಿದ್ದರು. ಪಕ್ಕದಲ್ಲಿ ಚಹಾದ ಬಟ್ಟಲು. ನಾನು ಚೀಟಿ ಮುಂದೆ ಹಿಡಿದು, ಏದುಸಿರು ಬಿಡುತ್ತ, ಇದರ ಅರ್ಥ ಕೇಳುವುದಕ್ಕೆ ಬಂದೆ ಎಂದೆ.

ಅವರು ಚೀಟಿಯನ್ನೂ ನನ್ನ ಧೂಳು ತುಂಬಿದ ಕಾಲನ್ನೂ ನೋಡಿದರು. ಆ ದಿನ ನಗಲಿಲ್ಲ. ಬಟ್ಟಲನ್ನು ಎತ್ತಿ, ಕುಡಿಯದೆ, ಮೇಜಿನ ಮೇಲಿಂದ ತೆಗೆದು ಜಗಲಿಯ ಕಟ್ಟೆಯ ಮೇಲಿಟ್ಟರು. “ಈಗ ಕುಡಿಯುವುದಿಲ್ಲ, ಆಮೇಲೆ ಕುಡಿಯುತ್ತೇನೆ. ಇದು ಹೆಲ್ಡ್ ಓವರ್” ಎಂದರು. ಆಮೇಲೆ ಅಂಗಳದ ಕಡೆ ಕೈ ತೋರಿಸಿದರು. ಅಲ್ಲಿ ಜೀನು ಹಾಕಿದ ಕುದುರೆ ಲಗಾಮು ಕಂಬಕ್ಕೆ ಕಟ್ಟಿಸಿಕೊಂಡು ನಿಂತಿತ್ತು. “ಅದು ಸ್ಟ್ಯಾಂಡ್ ಬೈ. ಕರೆದ ಕ್ಷಣ ಹೊರಡುವುದಕ್ಕೆ ಸಿದ್ಧ.”

ನನ್ನ ಮುಖ ಅರಳಿದ್ದನ್ನು ಕಂಡು, “ಇಷ್ಟಕ್ಕೆ ಎಂಟು ಮೈಲಿ ಬಂದೆಯಾ?” ಎಂದು ಕೇಳಿದರು.

“ತಪ್ಪು ಹೇಳಿದ್ದರೆ ಮೂವತ್ತು ಜನ ಅದಕ್ಕಿಂತ ದೂರ ನಡೆಯುತ್ತಿದ್ದರು, ಸರ್” ಎಂದೆ.

ಅವರು ಎದ್ದು ನಿಂತು ನನ್ನ ಕೈ ಹಿಡಿದು ಕುಲುಕಿದರು. ಬಿಳಿಯರೊಬ್ಬರು ನನ್ನ ಕೈ ಕುಲುಕಿದ್ದು ಅದೇ ಮೊದಲು. ನೀರು ಕುಡಿಸಿ, ಬಾಳೆಹಣ್ಣು ತರಿಸಿ ಕೊಟ್ಟು, ವಿಷಯ ತಿಳಿಸಿದರು. ಕಮಾನು ಕಟ್ಟುವಾಗ ಕಲ್ಲಿನ ಭಾರ ಹೊರಲು ಕೆಳಗೆ ಮರದ ಚೌಕಟ್ಟು ಬೇಕು. ಅದು ಇನ್ನೊಂದು ಕೆಲಸದಲ್ಲಿ ಸಿಕ್ಕಿಕೊಂಡಿತ್ತಂತೆ. ಅದಕ್ಕಾಗಿಯೇ ಕೆಲಸ ಮುಂದೆ ಹಾಕಿದ್ದು. ಈಗ ಅದು ಬಂದಿದೆ, ಗಾಡಿಗೆ ತುಂಬುತ್ತಿದ್ದಾರೆ. “ನೀನು ಅದರ ಮೇಲೆಯೇ ಕೂತು ಹೋಗು” ಎಂದರು.

ಹೀಗೆ ನಾನು ಮಧ್ಯಾಹ್ನ ಮೂರು ಎತ್ತಿನ ಗಾಡಿಗಳ ಮೆರವಣಿಗೆಯಲ್ಲಿ, ಬಾಗಿದ ಮರದ ಪಟ್ಟಿಗಳ ತುದಿಯಲ್ಲಿ ಕೂತು, ಕಾಲು ಜೋಲಾಡಿಸುತ್ತ ಹಿಂದಿರುಗಿದೆ. ಬಿಸಿಲು ಇಳಿಯುವ ಹೊತ್ತಿಗೆ ಹಳ್ಳ ಕಂಡಿತು. ಜನ ಏರಿಯ ಮೇಲೆ ಸಾಲಾಗಿ ಕೂತಿದ್ದರು. ಗಂಟು ಕಟ್ಟಿದ್ದರು, ಎತ್ತಿರಲಿಲ್ಲ. ಮೇಸ್ತ್ರಿ ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದರು.

“ನಿಲ್ಲಿಸಿಟ್ಟಾರೆ ಮೇಸ್ತ್ರಿ! ನಿಲ್ಲಿಸಿಬಿಟ್ಟಿಲ್ಲ!” ಎಂದು ನಾನು ದೂರದಿಂದಲೇ ಕೂಗಿದೆ. ಆ ಕೂಗಿನಲ್ಲಿ ನನಗೇ ತಿಳಿಯದೆ ಅವರ ಊರಿನ ಮಾತು ಬಂದಿತ್ತು.

ಆಮೇಲೆ ಆದ ಗದ್ದಲ ಹೇಳತೀರದು. ಗಂಡಸರು ಗಾಡಿಗೆ ಮುಗಿಬಿದ್ದು ಮರ ಇಳಿಸಿದರು. ಹೆಂಗಸರು ಗಂಟು ಬಿಚ್ಚಿ ಒಲೆ ಹಚ್ಚಿದರು. ಒಬ್ಬ ಅಜ್ಜಿ ನನ್ನ ಕೈಗೆ ಹುರಿಗಡಲೆ ಬೆಲ್ಲ ತುರುಕಿ, “ತಿನ್ನಪ್ಪ, ಮಾರೆ ಬಾಡೈತೆ” ಎಂದಳು. ಮೇಸ್ತ್ರಿ ಇಳಿಸಿದ ಮರದ ಪಟ್ಟಿಗಳನ್ನೂ ಒಂದೊಂದಾಗಿ ಬೆರಳಿನಿಂದ ತಟ್ಟಿ ಕೇಳುತ್ತಿದ್ದರು.

ಕಮಾನು ಕೂರಿಸಿದೆವು. ಗಾರೆ ಒಣಗಿ, ಕೆಳಗಿನ ಮರ ಕಳಚುವ ದಿನ ಮೇಸ್ತ್ರಿ ತಾವೊಬ್ಬರೇ ಕಮಾನಿನ ಅಡಿಯಲ್ಲಿ ನಿಂತರು. ಬೇಡವೆಂದರೂ ಕೇಳಲಿಲ್ಲ. ಕೊನೆಯ ಮರ ಕಳಚಿತು. ಒಂದು ಹರಳೂ ಉದುರಲಿಲ್ಲ. ಹದಿನೈದು ದಿನದ ಮೇಲೆ ಕಾಲುವೆಗೆ ನೀರು ಬಿಟ್ಟರು. ಮೊದಲು ಕೆಂಪು ನೊರೆ, ಎಲೆ, ಕಡ್ಡಿ, ಆಮೇಲೆ ತಿಳಿನೀರು ಹಳ್ಳದ ಮೇಲೆ ಹಾದು ಆಚೆಗೆ ಹರಿಯಿತು. ನನ್ನ ಹೆಂಡತಿಯೂ ಹಿರಿಯೂರಿನಿಂದ ಗಾಡಿಯಲ್ಲಿ ಬಂದಿದ್ದಳು. ಅವಳು ಬಗ್ಗಿ ಆ ನೀರನ್ನು ಬೊಗಸೆಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಮಿಕ್ಕದ್ದನ್ನು ನನ್ನ ಮೇಲೆ ಎರಚಿದಳು.

ಅಂದು ದೊರೆಗೆ ಬಹಳ ಸಂತೋಷವಾಗಿತ್ತು. ಜನರಿಗೆ ಕನ್ನಡದಲ್ಲಿ ಒಂದು ಮಾತು ಹೇಳುತ್ತೇನೆಂದು ಕಲ್ಲಿನ ಮೇಲೆ ಹತ್ತಿ ನಿಂತರು. ಮೇಸ್ತ್ರಿಯ ಬಾಲದ ಪಾಠವನ್ನು ನಾನು ಹಿಂದೊಮ್ಮೆ ಅವರಿಗೆ ಹೇಳಿದ್ದೆ, ಅದನ್ನು ಅವರು ತಮ್ಮಷ್ಟಕ್ಕೇ ಅಭ್ಯಾಸ ಮಾಡಿಕೊಂಡಿದ್ದರು ಎಂದು ಆಗ ತಿಳಿಯಿತು. ನೀವು ಮಾಡಿದ ಕೆಲಸ ಎಷ್ಟು ಚೆನ್ನಾಗಿದೆ, ನೀವೇ ಕಣ್ಣಾರೆ ನೋಡಿ ಎನ್ನುವುದು ಅವರ ಮನಸ್ಸಿನಲ್ಲಿತ್ತು. ಎರಡೂ ಕೈ ಚಾಚಿ, ಮುಖದ ತುಂಬ ನಗುತ್ತ, ಗಟ್ಟಿಯಾಗಿ ಅಂದರು:

“ನಿಮ್ಮ ಕೆಲಸ ನೀವು ನೋಡಿಕೊಳ್ಳಿ!”

ಇಷ್ಟು ಹೊತ್ತು ಪ್ರೀತಿಯಿಂದಿದ್ದ ದೊರೆ ಹೀಗೇಕೆ ಗದರಿಸಿದರು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಮೇಸ್ತ್ರಿ ಒಂದು ಗಳಿಗೆ ತಲೆ ವಾರೆ ಮಾಡಿದರು. ಆಮೇಲೆ ಕೈ ಜೋಡಿಸಿ, ಅಷ್ಟೇ ಗಟ್ಟಿಯಾಗಿ, “ನೋಡ್ಕಂತೀವಿ ಬುದ್ಧಿ. ನೀವೂ ನಿಮ್ಮದು ನೋಡ್ಕಳ್ರಿ!” ಎಂದರು.

ನನಗೆ ತಡೆಯಲಾಗಲಿಲ್ಲ. ನನ್ನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಇಡೀ ಏರಿ ನಗತೊಡಗಿತು. ದೊರೆಗೆ ನಾನು ವಿಷಯ ವಿವರಿಸಿದಾಗ ಅವರ ಮುಖ ಕೆಂಪಗಾಗಿ, ಕಿವಿ ಇನ್ನೂ ಕೆಂಪಗಾಗಿ, ಕೊನೆಗೆ ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ. ಕಲ್ಲಿನಿಂದ ಇಳಿದು ಮೇಸ್ತ್ರಿಯ ಭುಜ ಹಿಡಿದುಕೊಂಡು ನಕ್ಕರು.

ಮೇಸ್ತ್ರಿಯ ತಂಡ ಅಲ್ಲಿಂದ ಭೀಮಸಮುದ್ರದ ಕಡೆ ಒಂದು ಕೆರೆಯ ತೂಬಿನ ಕೆಲಸಕ್ಕೆ ಹೋಗುವುದಿತ್ತು. ಅಲ್ಲಿಯವರಿಗೆ ತೋರಿಸಲು ದೊರೆಯ ರುಜು ಇರುವ ಒಂದು ಕಾಗದ ಬೇಕು ಎಂದು ಮೇಸ್ತ್ರಿ ಕೇಳಿದರು. ಬರೆಯುವ ಕೆಲಸ ನನ್ನದಾಯಿತು. ನಾನು ಎರಡು ದಿನ ಕೂತು, ದುರ್ಗದ ಸ್ಕೂಲಿನ ವ್ಯಾಕರಣವನ್ನೆಲ್ಲ ನೆನೆದು, ಅಂದವಾದ ಅಕ್ಷರದಲ್ಲಿ ಬರೆದೆ. ಶ್ರಮಪಟ್ಟು ದುಡಿಯುತ್ತಾರೆ ಎನ್ನುವುದಕ್ಕೆ ‘ಹಿ ವರ್ಕ್ಸ್ ಹಾರ್ಡ್ಲಿ’ ಎಂದಿದ್ದೆ. ಕ್ರಿಯೆಯನ್ನು ಬಣ್ಣಿಸುವ ಪದಕ್ಕೆ ಕೊನೆಯಲ್ಲಿ ಲಿ ಹತ್ತಿಸಬೇಕೆಂದು ಮಾಸ್ತರರು ಹೇಳಿಕೊಟ್ಟದ್ದು ತಲೆಯಲ್ಲಿತ್ತು. ದೊರೆ ಓದಿ, ಪೆನ್ಸಿಲು ತೆಗೆದು ಆ ಲಿ ಮೇಲೆ ಗೀಟು ಹಾಕಿದರು. ಅದಿದ್ದರೆ ಈತ ಕೆಲಸವನ್ನೇ ಮಾಡುವುದಿಲ್ಲ ಎಂದಾಗುತ್ತದೆ ಎಂದರು. ಒಂದು ಪುಟ್ಟ ಅಕ್ಷರಗುಚ್ಛಕ್ಕೆ ಆ ಮನುಷ್ಯನ ಬದುಕಿನ ದುಡಿಮೆಯನ್ನೆಲ್ಲ ಅಳಿಸಿಹಾಕುವ ಶಕ್ತಿಯಿದೆ ಎಂದು ನನಗೆ ಆಗ ತಿಳಿಯಿತು.

ತಿದ್ದಿದ ಕಾಗದವನ್ನು ಮೇಸ್ತ್ರಿಗೆ ಕನ್ನಡದಲ್ಲಿ ಓದಿ ಹೇಳಿದೆ. ‘ಈತ ಕಷ್ಟಪಟ್ಟು ಕೆಲಸ ಮಾಡುತ್ತಾನೆ’ ಎನ್ನುವ ಕಡೆ ಅವರು ಕೈ ಅಡ್ಡ ಹಿಡಿದರು.

“ಕಷ್ಟ ಅಂತ ನಾನು ಯಾವತ್ತು ಅಂದೆ ರೈಟ್ರೇ? ನೀವೇನಾರ ಕೇಳೀರಾ? ಕಲ್ಲು ಮುಟ್ಟಿದ್ರೆ ಕೈಗೆ ಒಂಥರಾ ಖುಷಿ ಆಗ್ತೈತೆ, ಮಾಡ್ತೀನಿ. ಅದನ್ನ ಬರೀರಿ.”

ದೊರೆ ಇನ್ನೂ ಅಲ್ಲೇ ಇದ್ದರು. ಮೇಸ್ತ್ರಿಯ ತಕರಾರನ್ನು ನನಗೆ ತಿಳಿದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಬಹಳ ಹೊತ್ತು ಪೆನ್ಸಿಲು ಕಚ್ಚುತ್ತ ನಿಂತು, ಸಾಲನ್ನು ಪೂರ್ತಿ ಹೊಡೆದುಹಾಕಿ, ತಾವೇ ಬರೆದರು: ‘ಹಿ ವರ್ಕ್ಸ್ ವಿತ್ ಎ ವಿಲ್.’

ನನಗೆ ಗೊತ್ತಿದ್ದ ವಿಲ್ ಒಂದೇ, ಸಾಯುವ ಮುಂಚೆ ಆಸ್ತಿಗೆ ಬರೆದಿಡುವ ಮರಣಪತ್ರ. ಆದರೆ ಈ ಸಲ ಗಾಬರಿಯಾಗಲಿಲ್ಲ. ಕೇಳಿದೆ. ಮನಸ್ಸು ಪೂರ್ತಿ ಕೊಟ್ಟು, ಯಾರ ಒತ್ತಾಯವೂ ಇಲ್ಲದೆ ಮಾಡುವುದು ಎಂದು ಅವರು ಹೇಳಿದರು. ಮೇಸ್ತ್ರಿಯ ಕಡೆ ತಿರುಗಿ, “ಮನಸ್ಸಿಟ್ಟು ಮಾಡ್ತಾರೆ ಅಂತ ಬರೆದಾರೆ” ಎಂದೆ.

“ಹಾಂ, ಇದು ಸರಿ ಐತೆ” ಎಂದು ಅವರು ತೃಪ್ತಿಯಿಂದ ಕಾಗದವನ್ನು ಮಡಿಸಿ, ರುಮಾಲಿನ ಪದರಿನಲ್ಲಿ ಸಿಕ್ಕಿಸಿಕೊಂಡರು.

ಮರುದಿನ ಬೆಳಿಗ್ಗೆ ತಂಡ ಹೊರಟಿತು. ಹೆಂಗಸರ ತಲೆಯ ಮೇಲೆ ಬುಟ್ಟಿ, ಗಂಡಸರ ಹೆಗಲ ಮೇಲೆ ಹಾರೆ ಸುತ್ತಿಗೆ. ಮೇಸ್ತ್ರಿ ನನಗೆ, “ಹೋಗಿಬತ್ತೀವಿ ರೈಟ್ರೇ. ಆ ಕಡೆ ಬಂದ್ರೆ ಕೆರೆ ತೂಬಿನತ್ರ ಕೇಳ್ರಿ, ಯಾರಾದ್ರೂ ತೋರಿಸ್ತಾರೆ” ಎಂದರು. ಬರುತ್ತೇನೆ ಎಂದೆ. ಆ ವರ್ಷದ ಕೊನೆಯಲ್ಲಿ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಅವರು ನಮ್ಮನ್ನು ಎರಡು ದಿನ ಬಿಡಲಿಲ್ಲ.